ಬೋರಲು ಬಿದ್ದ ಹರಗೋಲು

ಹರಗೋಲನ್ನು ದಂಡೆಗೆಳೆದು ಬೋರಲು ಹಾಕುವುದನ್ನು ಯಾವ ಅಂಬಿಗನಿಗೂ ಹೇಳಿಕೊಡಬೇಕಾಗಿಲ್ಲ. ಬಿದಿರಿಗೆ ಹೊದಿಸಿದ ಚರ್ಮ ಒಣಗಬೇಕು, ಮಳೆನೀರು ಒಳಗೆ ನಿಲ್ಲಬಾರದು, ಅಷ್ಟೇ. ವರದಾ ದಂಡೆಯ ನಮ್ಮೂರ ಹೊಳಬಸಪ್ಪ ಮಾತ್ರ ಒಂದು ದಿನವೂ ಹಾಗೆ ಮಾಡಲಿಲ್ಲ. ಮಳೆ ಬಂದರೆ ಸೋರೆ ಬುರುಡೆಯಿಂದ ನೀರು ಮೊಗೆದು ಮೊಗೆದು ಚೆಲ್ಲುತ್ತಿದ್ದ. ಕೊಳೆತ ಚರ್ಮ ಕಿತ್ತು ಹೊಸದು ಹೊಲಿಯುತ್ತಿದ್ದ. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುತ್ತಾನೆಂದು ಊರವರು ನಕ್ಕರು. ನಗುವವರ ಬಾಯಿಗೆ ಬೀಗ ಹಾಕುವವರು ಯಾರು?

ಅವನು ತೆರೆಯವರ ಕುಲದವನು. ಮೊದಲು ನೀರೇ ಇತ್ತು, ನೆಲ ಆಮೇಲೆ ಬಂದ ನೆಂಟ ಎನ್ನುವ ಜನ ಅವರು. ಅವರ ಮೂಲತಾಯಿ ನೊರೆಯವ್ವ ದೂರದ ತೆರೆಯ ಸದ್ದು ಕೇಳಲೆಂದು ಮಕ್ಕಳಿಗೆ ಎಲೆಯಂಥ ಚೂಪು ಕಿವಿ ಕೊಟ್ಟಳಂತೆ. ಮುಪ್ಪು ಕೊಡುವುದನ್ನು ಮರೆತಳಂತೆ. ಹಡಗೇ ಅವರ ಊರು, ಹಡಗೇ ಮನೆ. ಎಂದೋ ಒಂದು ಮಹಾನೆರೆಯಲ್ಲಿ ಆ ಹಡಗು ವರದೆಯನ್ನೇರಿ ಬಂದಿತ್ತು. ಜೋಳದ ತೆನೆ ಹೇಗಿರುತ್ತದೆಂದು ನೋಡಲು ಇವನು ಇಳಿದ. ನೋಡಿ ಬರುವಷ್ಟರಲ್ಲಿ ನೆರೆಯೂ ಇಳಿದಿತ್ತು, ಹಡಗೂ ಹೋಗಿತ್ತು. ಅಂದಿನಿಂದ ಕಿವಿಯ ಮೇಲೆ ರುಮಾಲು ಸುತ್ತಿಕೊಂಡು ನಮ್ಮವರನ್ನು ಹೊಳೆ ದಾಟಿಸುತ್ತ ಉಳಿದ. ಹೊಳಬಸಪ್ಪ ಎಂಬುದೂ ಊರು ಇಟ್ಟ ಹೆಸರು.

ಹಿಂದೆ ಉಳಿದ ತಮ್ಮವರನ್ನು ಹುಡುಕಿಕೊಂಡು ತೆರೆಯವರು ಮತ್ತೊಂದು ಮಹಾನೆರೆಗೆ ಬಂದೇ ಬರುತ್ತಾರೆ. ತಮ್ಮ ಕುಲದ ಗಂಟು ಹಾಕಿದ ದೋಣಿ ದಂಡೆಯಲ್ಲಿ ಮುಗಿಲು ನೋಡುತ್ತಿದ್ದರೆ, ನಮ್ಮವನು ಇದ್ದಾನೆಂದು ನಿಲ್ಲುತ್ತಾರೆ. ಬೋರಲು ಬಿದ್ದಿದ್ದರೆ ಸತ್ತನೆಂದು ಅದರ ಮೇಲೆ ಒಂದು ಬೊಗಸೆ ಕಡಲುಪ್ಪು ಸುರಿದು, ಸಾವಿನ ಹಾಡು ಹಾಡುತ್ತ ಹೊರಟುಬಿಡುತ್ತಾರೆ. ಆ ಹೊಳೆಗೆ ಮತ್ತೆಂದೂ ಬರುವುದಿಲ್ಲ. ಈ ಗುರುತನ್ನು ನೆಲದವರಿಗೆ ಹೇಳಬಾರದೆಂಬುದು ಕುಲದ ಕಟ್ಟಳೆ. ಸುಡಲಿ ಆ ಕಟ್ಟಳೆ, ಎನ್ನುತ್ತೇನೆ ನಾನು.

ದುರಗವ್ವ ನಮ್ಮೂರಿಗೆ ಸೊಸೆಯಾಗಿ ಬಂದ ದಿನ ಅವಳನ್ನು ಹೊಳೆ ದಾಟಿಸಿದವನು ಅವನೇ. ಅಂದು ಅಣ್ಣಾ ಎಂದವಳು, ಗಂಡ ತೀರಿ, ಹಲ್ಲು ಉದುರಿದ ಮೇಲೂ, ಆಗಷ್ಟೇ ಮೀಸೆ ಚಿಗುರಿದವನಂತಿದ್ದ ಅವನನ್ನು ಅಣ್ಣಾ ಎಂದೇ ಕರೆಯುತ್ತಿದ್ದಳು. ಧಾರವಾಡ ಸೀಮೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಮೇಲೆ ಹೊಳೆಗೆ ಸೇತುವೆ ಬಂತು. ಹಾನಗಲ್ಲಿನ ಬಸ್ಸು ಹಾರ್ನ್ ಹಾಕುತ್ತ ಅದರ ಮೇಲೆ ಓಡಾಡಿತು. ಹರಗೋಲಿನ ಕಡೆ ಯಾರೂ ಬರದಾದರು. ದುರಗವ್ವ ಒಬ್ಬಳೇ ಆಚೆ ದಂಡೆಯ ಹೊಲಕ್ಕೆ ಅದರಲ್ಲೇ ಹೋದಳು.

"ಬ್ರಿಜ್ ಮ್ಯಾಲೆ ಹೋದ್ರ ಲಗೂನ ಮುಟ್ಟತಿದ್ದಿ, ತಂಗಿ," ಎಂದ ಒಮ್ಮೆ.

"ಲಗೂನ ಮುಟ್ಟಿ ಯಾರ ಕೂಡ ಮಾತಾಡ್ಲಿ?" ಎಂದಳು. "ಅದಿರ್ಲಿ, ನಿಮ್ಮವರು ಯಾವಾಗ ಬರ್ತಾರ?"

"ಹೊಳಿ ದಂಡಿ ಮೀರಿ ಬಂದಾಗ."

"ನನಗ ಹೇಳದ ಹೋಗಬ್ಯಾಡ ಮತ್ತ."

ಅವಳಿಗೆ ತಿಳಿದದ್ದು ಇಷ್ಟೇ.

ಆ ವರ್ಷದ ಶ್ರಾವಣದಲ್ಲಿ ಮಳೆ ಬಿಡಲೇ ಇಲ್ಲ. ಹೊಳೆ ದಂಡೆ ಮೀರಿತು. ಇಷ್ಟು ಕಾಲ ಕಾದವನಿಗೆ ಆಗಲೇ ಚಳಿಜ್ವರ ಬರಬೇಕೆ! ದುರಗವ್ವ ನೆರೆಮನೆಯ ಫಕ್ಕೀರಪ್ಪನನ್ನು ಕರೆದು, ಹೊಳಬಸಪ್ಪನನ್ನು ತನ್ನ ಪಡಸಾಲೆಗೆ ಹೊರಿಸಿಕೊಂಡು ಬಂದು ಕಂಬಳಿ ಹೊದಿಸಿದಳು. ಜ್ವರದಲ್ಲಿ ಅವನು "ಹರಗೋಲ, ಹರಗೋಲ" ಎಂದು ಬಡಬಡಿಸುತ್ತಿದ್ದ. ನೀರು ತುಂಬಿ ಕೊಳೆತುಹೋದರೆ ಅವನು ತನ್ನವರ ಹಡಗಿನತನಕ ಏತರಲ್ಲಿ ಹೋದಾನು ಎಂದುಕೊಂಡಳು ಅವಳು. ದೀಪ ಹಚ್ಚುವ ಹೊತ್ತಿಗೆ ಗೋಣಿಚೀಲ ತಲೆಗೆ ಹಾಕಿಕೊಂಡು ಹೋಗಿ, ಮೊಳಕಾಲು ನೋವಿನಲ್ಲೇ ನೀರು ಮೊಗೆದು ಚೆಲ್ಲಿ, ಹರಗೋಲನ್ನು ಬೋರಲು ಹಾಕಿ, ಗಾಳಿಗೆ ಹಾರದಂತೆ ಅಂಚಿಗೆ ಕಲ್ಲು ಹೇರಿ ಬಂದಳು.

ಬೆಳಗಾಗುವಾಗ ಅವನ ಜ್ವರ ಬಿಟ್ಟಿತ್ತು. ಕಿವಿ ನಿಮಿರಿತು. ದೂರದಲ್ಲಿ ಹಾಡು. ಕಂಬಳಿ ಒಗೆದು ಓಡಿದ.

ಹರಗೋಲು ಬೋರಲು ಬಿದ್ದಿತ್ತು. ಅದರ ಮೇಲೆ ಬೊಗಸೆ ಉಪ್ಪು, ಜಿಟಿಜಿಟಿ ಮಳೆಯಲ್ಲೂ ಕರಗದೆ ಬೆಳ್ಳಗೆ ಕೂತಿತ್ತು. ಹೊಳೆಯ ತಿರುವಿನಲ್ಲಿ ಬಿಳಿ ಹಾಯಿಯೊಂದು ಇನ್ನೂ ಕಾಣುತ್ತಿತ್ತು. ಅವನು ಎದೆ ಬಿರಿಯುವಂತೆ ಕೂಗಿದ, ತನ್ನ ಕುಲದ ಹೆಸರನ್ನೇ ಹಿಡಿದು ಕೂಗಿದ. ಆದರೆ ಸತ್ತವರು ದಂಡೆಯಿಂದ ಕರೆಯುತ್ತಾರೆ, ಆಗ ತಿರುಗಿ ನೋಡದೆ ಇನ್ನೂ ಗಟ್ಟಿಯಾಗಿ ಹಾಡಬೇಕು ಎಂದು ತೆರೆಯವರ ನಂಬಿಕೆ. ಚಿಕ್ಕವನಿದ್ದಾಗ ಅವನೂ ಹಾಗೆಯೇ ಹಾಡಿದ್ದ. ಅವನು ಕೂಗಿದಷ್ಟೂ ಹಾಡು ಜೋರಾಯಿತು. ಆಮೇಲೆ ತಿರುವಿನಲ್ಲಿ ನೀರು ಮಾತ್ರ ಉಳಿಯಿತು.

ದುರಗವ್ವ ಅಂಬಲಿಯ ಬಟ್ಟಲು ಹಿಡಿದು ಏದುಸಿರು ಬಿಡುತ್ತ ಬಂದಳು. "ಜ್ವರ ಬಿಟ್ಟ ಮೈ, ಹಿಂಗ ಮಳ್ಯಾಗ ಓಡಿ ಬರ್ತಾರೇನಣ್ಣಾ? ನಿನ್ನ ಹರಗೋಲಕ್ಕೇನೂ ಆಗಿಲ್ಲ ನೋಡು. ನಾನ ಡಬ್ಬ ಹಾಕೇನಿ. ನಿಮ್ಮವರು ಬಂದ್ರ ಹೋಗಾಕ ಬೇಕಲ್ಲ."

ಅವನಿಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆದ. ಕಲ್ಲು ಹೊತ್ತು ತರಚಿದ ಅವಳ ಬೆರಳುಗಳು ಕಂಡವು. ಆ ದಂಡೆಯಲ್ಲಿ ಅವನಿಗೆ ಅವಳನ್ನು ಬಿಟ್ಟು ಇನ್ನಾರೂ ಇರಲಿಲ್ಲ. ಬಟ್ಟಲಿಗೆ ಕೈ ಚಾಚಿದ.

ಅವಳು ಅಂಬಲಿಯನ್ನು ಬೆರಳಿಂದ ನೆಕ್ಕಿ ನೋಡಿದಳು. "ಅಯ್ಯ, ಉಪ್ಪ ಹಾಕೂದ ಮರ್ತೇನಿ. ಯಾರೋ ಪುಣ್ಯಾತ್ಮರು ಇಲ್ಲೇ ಇಟ್ಟ ಹೋಗ್ಯಾರ." ಹರಗೋಲಿನ ಮೇಲಿನ ಉಪ್ಪಿನಲ್ಲಿ ಒಂದು ಚಿಟಿಕೆ ತೆಗೆದು ಹಾಕಿ ಕಲಕಿ ಕೊಟ್ಟಳು.

ತನ್ನ ಸಾವಿಗೆಂದು ಇಟ್ಟ ಉಪ್ಪನ್ನು ಅವನು ಕುಡಿದ.

"ಸರಿ ಆತೇನು ಉಪ್ಪು?"

"ಸರಿ ಆಗೇತಿ, ತಂಗಿ."

"ನಿಮ್ಮವರು ಈ ಸಲಾನೂ ಬರಲಿಲ್ಲ ನೋಡು," ಎಂದು ಅವಳು ಹೊಳೆಯ ಕಡೆ ನೋಡಿದಳು. "ಹೋಗ್ಲಿ ಬಿಡು, ಬರೂ ಶ್ರಾವಣಕ್ಕ ಬಂದಾರು. ನೀ ಚಿಂತಿ ಮಾಡಬ್ಯಾಡ, ಹರಗೋಲ ನಾ ಹಿಂಗ ಡಬ್ಬ ಹಾಕಿ ಜ್ವಾಕಿ ಮಾಡ್ತೇನಿ."

ಅವನು ತಳದ ಗುಟುಕನ್ನೂ ಬಿಡದೆ ಕುಡಿದು ಬಟ್ಟಲನ್ನು ಅವಳ ಕೈಗಿತ್ತು, "ಹಂಗ ಮಾಡು," ಎಂದ.