ಗಾಜಿನ ಅಚ್ಚಿನ ಮೇಲೊಂದು ಚುಕ್ಕೆ

ಒಂದು ಎಳ್ಳುಕಾಳಿನ ಮೇಲೆ ಇಡೀ ಹಂಪಿ ಬಜಾರನ್ನು ಒಂದು ಕಂಬವೂ ತಪ್ಪದಂತೆ ಕೂರಿಸಿ, ಮಂಟಪದ ನೆರಳಿನಲ್ಲಿ ಮಲಗಿದ ನಾಯಿಯನ್ನೂ ಅದರ ಬಾಲದ ಮೇಲಿನ ಚಿಗಟವನ್ನೂ ಬಿಡದೆ ಬರೆದು, ಇನ್ನೂ ಜಾಗ ಮಿಕ್ಕಿತಲ್ಲ ಎಂದು ಕಂಪ್ಲಿಯ ಸೇತುವೆಯನ್ನು ಪಕ್ಕಕ್ಕೆ ಒತ್ತರಿಸಿಟ್ಟ ಗಂಡುಗಲಿ ಸಿದ್ದಲಿಂಗೇಶನ ಕಣ್ಣಿಗೆ ಈಗ ಒಂದು ಚುಕ್ಕೆ ಮಾತ್ರ ಕಾಣುತ್ತಿದೆ — ಸೂಕ್ಷ್ಮದರ್ಶಕದ ಕೆಳಗೆ, ಸಿಲಿಕಾನ್ ಬಿಲ್ಲೆಯ ಮೇಲೆ, ಬಾಚಣಿಗೆಯ ಹಲ್ಲಿನಂಥ ಗೆರೆಗಳ ಸಾಲಿನಲ್ಲಿ, ಎರಡು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಹೇನಿನ ಹಾಗೆ, ಸುತ್ತ ಉಂಗುರ ಉಂಗುರವಾಗಿ — ಹೋಗಲಿ, ಒಂದು ಬಿಲ್ಲೆ ಹಾಳಾದರೆ ಹಾಳಾಯಿತು, ಮುಂದಿನದು ತೆಗೆ, ತೆಗೆದ, ಅಲ್ಲೂ ಚುಕ್ಕೆ, ಅದೇ ಹಲ್ಲು, ಅದೇ ಉಂಗುರ, ಅದರ ಮುಂದಿನದು, ಅಲ್ಲೂ. ಬಿಲ್ಲೆಯ ಮೇಲೆ ಬಿದ್ದ ಧೂಳಾಗಿದ್ದರೆ ಒಂದರಲ್ಲಿ ಇಲ್ಲಿ ಇನ್ನೊಂದರಲ್ಲಿ ಅಲ್ಲಿ ಇರಬೇಕಿತ್ತು, ಎಲ್ಲದರಲ್ಲೂ ಒಂದೇ ಕಡೆ ಎಂದರೆ ಕಣ ಕೂತಿರುವುದು ಅಚ್ಚಿನ ಮೇಲೆ, ಗಾಜಿನ ಅಚ್ಚಿನ ಮೇಲೆ, ಅದರ ಮೇಲಿನ ಗೆರೆಗಳ ನೆರಳೇ ಅಲ್ಲವೇ ಬಿಲ್ಲೆಗೆ ಇಳಿಯುವುದು, ರಂಗೋಲಿಯ ತೂತಿನ ಅಚ್ಚು ಇರುತ್ತದಲ್ಲ, ಅದರ ತೂತಿನಲ್ಲಿ ಹರಳು ಸಿಕ್ಕಿಕೊಂಡರೆ ಯಾವ ಹೊಸ್ತಿಲಿಗೆ ಹೋದರೂ ಅದೇ ಎಸಳು ಕುರುಡು, ಹಾಗೆ. ಕಡ್ಡಿರಾಂಪುರದ ಹೋಟೆಲಿನಲ್ಲಿ ಇದನ್ನೇ ಅವನು ಜಂಬಪ್ಪನಿಗೆ ಎಷ್ಟು ಚಂದ ತಿಳಿಸಿ ಹೇಳಿದ್ದ, ನಮ್ಮ ಕೈಯಾಗ ಉಳಿ ಇಲ್ಲ ಸುತ್ತಿಗಿ ಇಲ್ಲ ಜಂಬಣ್ಣ, ಬಿಲ್ಲೆ ಮ್ಯಾಲೆ ರೆಸಿಸ್ಟ್ ಅನ್ನೋ ಎಣ್ಣೆಯಂಥಾದ್ದು ಹನಿಸ್ತೀನಿ, ಬುಗುರಿ ಹಂಗ ಗಿರ್ರಂತ ತಿರುಗಿಸ್ತೀನಿ, ತೆಳ್ಳಗ ಹರಡ್ತತಿ, ಬಿಸಿ ಹಂಚಿನ ಮ್ಯಾಲೆ ಒಣಗಿಸ್ತೀನಿ, ಅಚ್ಚು ಇಡ್ತೀನಿ, ಬೆಳಕು ಬಿಡ್ತೀನಿ, ಬೆಳಕು ತಾಗಿದ್ದು ನೀರಾಗಿ ಹೋಗ್ತತಿ, ನೆರಳಿದ್ದದ್ದು ಉಳಿತತಿ — ಜಂಬಪ್ಪ ಮಿರ್ಚಿ ಬಾಣಲೆಯಿಂದ ಕಣ್ಣೆತ್ತದೆ, ಬರೇ ಬೆಳಕಿನಾಗ ಕೆತ್ತೋದಾದ್ರ ನನ್ನ ಹೋಟ್ಲು ಬೋರ್ಡೊಂದು ಕೆತ್ತಿಕೊಡಲೇ, ಮಧ್ಯಾನ ಬಿಸ್ಲು ಭಾಳ ಐತಿ, ಪುಕ್ಕಟೆ.

ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ, ಈಗ ನಗು ಬರುತ್ತಿಲ್ಲ, ಈ ಹಳದಿ ಬೆಳಕು ಬೇರೆ, ಅರಿಶಿನ ಕಲಸಿದ ನೀರಿನೊಳಗೆ ಮುಳುಗಿ ನಿಂತಂತೆ, ಕೈಗವಸು ಹಳದಿ, ಇಕ್ಕಳ ಹಳದಿ, ಬಿಳಿ ದೀಪ ಹಚ್ಚಿದರೆ ಅದರೊಳಗಿನ ನೀಲಿ ರೆಸಿಸ್ಟಿಗೆ ತಾಗಿ ಅಚ್ಚು ಇಡುವ ಮೊದಲೇ ಎಲ್ಲ ಕೆಡುತ್ತದೆ, ಅದಕ್ಕೇ ಈ ಹಳದಿ, ಮೇಲಿನಿಂದ ಸೋಸಿದ ಗಾಳಿ ಸುರಿಯುವ ಸದ್ದು ಒಂದೇ ಸಮ, ಹೊಸಪೇಟೆಯ ಹೊರಗೆ ಕಾಲೇಜಿನವರು ಈ ಕ್ಲೀನ್ ರೂಮ್ ಕಟ್ಟಿಸಿದಾಗಲೇ ಊರೆಲ್ಲ ಅಂದಿತ್ತು, ಅದಿರಿನ ಲಾರಿ ಓಡಾಡೋ ಜಾಗದಾಗ ಧೂಳಿಲ್ಲದ ಕ್ವಾಣಿ ಅಂತ, ಉಪ್ಪಿನ ಗೋಣಿ ಹೊತ್ತು ಹೊಳಿ ದಾಟಿದಂಗ, ಅದಕ್ಕೆ ಸಿದ್ದಲಿಂಗೇಶನ ಉತ್ತರ ಸಿದ್ಧವಿತ್ತು, ನನ್ನ ರೂಮಿಗೆ ಧೂಳು ಬರ್ಬೇಕಂದ್ರ ಮೊದ್ಲು ನನ್ನ ಪರ್ಮಿಷನ್ ಕೇಳ್ಬೇಕ್ರೀ, ಹೋದ ತಿಂಗ್ಳು ಒಂದು ಕಣ ಬಂದಿತ್ತು, ಬಾಗ್ಲಾಗ ನಿಂತು ಸಾರ್ ಒಳಗ ಬರ್ಲೇನ್ರಿ ಅಂತು, ನಿನ್ನ ಐಡಿ ಕಾರ್ಡ್ ಎಲ್ಲೈತಪಾ ಅಂದೆ, ಅತ್ತುಕೊಂತ ಹೋತು. ಆ ಕಣ ಇವತ್ತು ಐಡಿ ಕಾರ್ಡಿಲ್ಲದೆ ಬಂದು ಕೂತಿದೆ, ಎರಡು ಹಲ್ಲನ್ನು ಕೂಡಿಸಿದೆ, ಕೂಡಿದರೆ ಕರೆಂಟು ಅಡ್ಡದಾರಿ ಹಿಡಿಯುತ್ತದೆ, ಬಿಲ್ಲೆಯ ಮೇಲಿನ ಎಲೆಕ್ಟ್ರಾನಿಕ್ ಚಿಪ್ಪು ಸತ್ತ ಹಾಗೆ, ಈ ಕೋಣೆಯ ಉಸ್ತುವಾರಿಯ ಗಂಗಾಂಬಿಕಾ ಮೇಡಂ ಸಂಡೂರು ರಸ್ತೆಯ ಗಾಳಿಯಲ್ಲಿ ಧೂಳೆಷ್ಟು ಎಂದು ಅಳೆಯಲು ಮಾಡಿಸುತ್ತಿರುವ ಚಿಪ್ಪು ಇದು, ಧೂಳು ಅಳೆಯುವ ಚಿಪ್ಪಿಗೇ ಧೂಳು ಬಡಿಯಬೇಕೆ. ಬಿಲ್ಲೆಯೇನೋ ತೊಳೆದು ಮತ್ತೆ ಬರೆಯಬಹುದು, ಅಷ್ಟಕ್ಕೇ ಮುಗಿದಿದ್ದರೆ ಯಾರು ಬೆವರುತ್ತಿದ್ದರು, ಎಲ್ಲ ಬಿಲ್ಲೆಯಲ್ಲೂ ಧೂಳು ಎಂದು ಇವನೇ ತಿಳಿಸಿದ್ದಕ್ಕೆ ಗೋಡೆಯ ಫೋನಿನಲ್ಲಿ ಆಗಲೇ ಮೇಡಂ ದನಿ ಕೇಳಿತ್ತಲ್ಲ — ಸಿದ್ದಲಿಂಗೇಶ್, ಪ್ರಿನ್ಸಿಪಾಲ್ರು ಇಲ್ಲೇ ಅದಾರ, ಧೂಳು ಎಲ್ಲಿಂದ ಬಂತು ಅಂತ ಕೇಳಾಕತ್ತಾರ — ಅದರ ಹಿಂದೆಯೇ ಪ್ರಿನ್ಸಿಪಾಲರ ಗಡಸು ದನಿ, ಕೇಳೋದೇನೈತ್ರಿ, ಆ ಕಸ ಗುಡಿಸೋ ಭರಮಮ್ಮ ದಿನಾ ಸಂಡೂರು ಕಡೆಯಿಂದ ಅದಿರಿನ ಲಾರಿ ಹಿಂದ ಬಸ್ಸಿನಾಗ ಬರ್ತಾಳ, ಸೀರಿ ಅಂಚು ನೋಡ್ರಿ ಕೆಮ್ಮಣ್ಣು, ನಾಳಿಂದ ಆಕಿ ಬ್ಯಾಡ. ಆಮೇಲೆ ಮೇಡಂ, ಆಕೆ ಒಳಗ ಬರುವಾಗ ಮೈತುಂಬ ಮುಚ್ಚೋ ಸೂಟ್ ಹಾಕ್ಕೊಂತಾಳ್ರಿ ಸರ್ — ಮತ್ತೆ ಇವನಿಗೆ, ನೀವ್ ಅಚ್ಚು ನೋಡ್ರಿ, ಕಣ ಯಾವ ಬಣ್ಣ ಐತಿ, ಕೆಂಪೋ ಬೇರೆಯೋ.

ನೋಡಿದ್ದ. ನೋಡಿಬಿಟ್ಟಿದ್ದ. ಅಚ್ಚನ್ನು ಮೆಲ್ಲಗೆ ಕಳಚಿ ಸೂಕ್ಷ್ಮದರ್ಶಕದ ಕೆಳಗಿಟ್ಟು ತಿರುಗುಣಿ ತಿರುಗಿಸಿದಾಗ ಮಬ್ಬು ಮಬ್ಬಾಗಿದ್ದದ್ದು ಒಟ್ಟುಗೂಡಿ ಕಣ್ಣಿಗೆ ಬಂದಿತ್ತು, ಅದಿರಿನ ಕಣವಾದರೆ ಕಂದುಗೆಂಪಾಗಿ ಮಿಂಚಬೇಕು, ಇದು ಕೆಂಪಲ್ಲ, ಮೆತ್ತಗೆ, ಪುಡಿ ಪುಡಿ, ಈ ಹಳದಿಯಲ್ಲಿ ಬಿಳಿಯದೆಲ್ಲ ಕಾಣುವ ಹಾಗೆ ತೆಳು ಹಳದಿ, ಸುಟ್ಟು ಸುಣ್ಣವಾದದ್ದರ ಚೂರು, ಬೂದಿ. ಹಣೆಯ ಮೇಲೆ ಕುಲಾವಿ ಬಿಗಿಯಾಗಿತ್ತು, ತಲೆಗೆ ಹಾಕುವ ಆ ನೀಲಿ ಟೋಪಿಗೆ ಕುಲಾವಿ ಎಂದು ಹೆಸರಿಟ್ಟವನೂ ಇವನೇ, ಅದರೊಳಗೆ ಹಣೆ ಬೆಂಕಿ. ಬಣ್ಣ ತಿಳಿಯಂಗಿಲ್ಲ್ರಿ ಮೇಡಂ, ಹಳದಿ ಬೆಳಕಿನಾಗ ಎಲ್ಲಾ ಒಂದಽ ಕಾಣ್ತತಿ, ಅಂದಿದ್ದ, ಬಾಯಿ ತಾನಾಗಿಯೇ ಅಂದಿತ್ತು, ಊರಿನವರ ಮುಂದೆ ಬೆಟ್ಟ ಎತ್ತಿ ಇಟ್ಟ ಬಾಯಿ ಒಂದು ಚೂರು ಬೂದಿ ಎತ್ತಲಾರದೆ ಹೋಯಿತು. ಯವ್ವಾ, ಎಲ್ಲ ನಿನ್ನಿಂದ — ನಿನ್ನಿಂದ ಎಲ್ಲಿ, ನನ್ನಿಂದಲೇ — ಬೆಳಿಗ್ಗೆ ಸ್ನಾನ ಮುಗಿಸಿ ಬಂದ ಮಗನ ಗಲ್ಲ ಹಿಡಿದು ಅಕ್ಕನಾಗಮ್ಮ ಬೆರಳಲ್ಲಿ ಎಳೆಯುವ ಆ ವಿಭೂತಿಯನ್ನು ಕೆಲಸಕ್ಕೆ ಸೇರಿದಂದಿನಿಂದ ಅವನು ಕ್ಲೀನ್ ರೂಮಿನ ಹೊರಕೋಣೆಯಲ್ಲಿ ಒದ್ದೆ ಬಟ್ಟೆಯಿಂದ ಉಜ್ಜಿ ಒರೆಸಿಯೇ ಒಳಗೆ ಹೋಗುತ್ತಾನೆ, ನಿಯಮ ಹಾಗೆ, ಪೌಡರ್ ಇಲ್ಲ ಕುಂಕುಮ ಇಲ್ಲ ಕಾಡಿಗೆ ಇಲ್ಲ ವಿಭೂತಿ ಇಲ್ಲ, ಒರೆಸುತ್ತೇನೆ ಯವ್ವಾ ಎಂದು ಒಂದು ಮಾತು ಹೇಳಿದ್ದರೆ ಮುಗಿದಿತ್ತು, ಆದರೆ ಸಂಜೆ ಬೋಳು ಹಣೆ ನೋಡಿ ಆಕೆ ವಿಭೂತಿ ಎಲ್ಲಿ ಹೋತಲೇ ಸಿದ್ದು ಅಂದಾಗ ಇವನ ನಾಲಿಗೆಗೆ ತುರಿಕೆ, ನಮ್ಮ ಮಷಿನ್ ಬೆಳಕು ಅಂದ್ರ ಏನಂದ್ಕೊಂಡಿ ಯವ್ವಾ, ಸೂರ್ಯಾನ ಅಪ್ಪ ಅದು, ಹಣಿಮ್ಯಾಗಿನ ವಿಭೂತಿ ನೆಕ್ಕಿ ನುಂಗಿಬಿಡ್ತತಿ.

ಮೊದಮೊದಲು ಆಕೆಗೆ ಹೆಮ್ಮೆ, ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು, ಆಮೇಲೆ ಒಂದು ದಿನ ರೊಟ್ಟಿ ತಟ್ಟುತ್ತಿದ್ದವಳ ಕೈ ನಿಂತಿತು, ಅಲ್ಲಲೇ, ಸುಟ್ಟು ಬೂದಿಯಾಗಿದ್ದನ್ನ ಮತ್ತ ಸುಡೋ ಬೆಳಕಂದ್ರ ಎಂಥಾದ್ದದು, ಬೂದಿನಽ ಬಿಡದದ್ದು ನಿನ್ನ ಕಣ್ಣು ಬಿಡ್ತತೇನು, ಅಂದಳು, ನಕ್ಕು ತಳ್ಳಿಹಾಕಿದ, ಆಕೆ ನಗಲಿಲ್ಲ, ಅಂದಿನಿಂದ ಮಗ ಬಂದ ಕೂಡಲೇ ಬಾಗಿಲಲ್ಲೇ ನಿಲ್ಲಿಸಿ ಬೆರಳು ತೋರಿಸಿ ಇದೆಷ್ಟು ಇದೆಷ್ಟು ಎಂದು ಕೇಳುವುದು, ರೆಪ್ಪೆ ಮುಟ್ಟಿ ನೋಡುವುದು, ಈಚೆಗಂತೂ ಊಟ ಬಿಟ್ಟಿದ್ದಾಳೆ, ಬಿಡು ಆ ನೌಕ್ರಿ, ಬ್ಯಾಡ, ಗದ್ದಿ ಕೆಲ್ಸಕ್ಕಾದ್ರೂ ಹೋಗು, ಕುರುಡಾದ ಮಗನ್ನ ನೋಡೂಕಿಂತ ಹಸಿದ ಮಗನ್ನ ನೋಡ್ತೀನಿ, ತಟ್ಟೆ ಮುಂದೆ ಹಾಗೇ ಕೂತಿರುತ್ತಾಳೆ, ಮುದ್ದೆಯಾದ ಅನ್ನ ಒಣಗುತ್ತದೆ. ಆಗಲಾದರೂ ಹೇಳಬಹುದಿತ್ತು, ಹೇಳಿದರೆ ಇಷ್ಟು ದಿನ ನಾನು ಎಳೆದದ್ದನ್ನೆಲ್ಲ ನೀನೇ ಒರೆಸಿದಿಯಾ ಎಂದಾಳು, ಆ ಮುಖ ನೋಡುವ ಧೈರ್ಯ ಸೂರ್ಯನ ಅಪ್ಪನನ್ನು ಆಳುವವನಿಗೆ ಇರಲಿಲ್ಲ, ಅದಕ್ಕೆ ಬೆಳಿಗ್ಗೆ ಹೇಳಿದ್ದು — ಇವತ್ತು ನೀ ಹಚ್ಚಿದ್ದು ಹಂಗಽ ವಾಪಸ್ ತರ್ತೀನಿ ನೋಡು, ಬೆಳಕಿನ ಪವರ್ ಕಮ್ಮಿ ಮಾಡಿಸ್ತೀನಿ, ಸಂಜಿಗೆ ನೋಡಿ ಊಟ ಮಾಡಬೇಕು ನೀ. ಆಕೆ ದೇವರ ಗೂಡಿಗೆ ಹೋಗಿ ಗಟ್ಟಿ ವಿಭೂತಿ ತಂದು ನೀರಲ್ಲಿ ತೇಯ್ದು ದಪ್ಪಗೆ ಎಳೆದಳು, ನಡುಬೆರಳು ಸೊಟ್ಟಗಾದ ಆಕೆಯ ಕೈಯ ಗೆರೆ ನಡುವೆ ಸ್ವಲ್ಪ ಬಾಗುತ್ತದೆ, ಒರೆಸಿ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ತಾನೇ ಎಳೆದುಕೊಂಡರೆ ಒಂದೇ ನೋಟಕ್ಕೆ ಹಿಡಿದುಬಿಡುತ್ತಾಳೆ, ಒರೆಸಲಾಗಲಿಲ್ಲ, ಕುಲಾವಿ ಕೆಳಗೆ ಎಳೆದರೆ ಆಯಿತು, ಬೆವರಿಗೆ ಅಂಟಿಕೊಂಡಿರುತ್ತದೆ, ಯಾರಿಗೆ ತಿಳಿಯುತ್ತದೆ, ಅಂದುಕೊಂಡ, ಅಚ್ಚನ್ನು ಹಿಡಿಕೆಗೆ ಕೂರಿಸಲು ಬಗ್ಗಿದಾಗ ಒಣಗಿದ ಗೆರೆ ತುರಿಸಿತು, ಮಣಿಕಟ್ಟಿನಿಂದ ಕುಲಾವಿಯ ಅಂಚನ್ನು ಒಂದಿಷ್ಟು, ಒಂದೇ ಒಂದಿಷ್ಟು ಮೇಲೆ ತಳ್ಳಿದ್ದ.

ತೊಳೆ ಅಂದಿತು ಮನಸ್ಸು, ತೊಳೆ ಸಿದ್ದು, ಅಚ್ಚು ತೊಳೆದರೆ ಯಾವ ಬಣ್ಣದ್ದು ಎಂದು ಕೇಳುವವರಿಲ್ಲ, ಬಿಲ್ಲೆಯ ಮೇಲಿರುವುದು ಬರೀ ನೆರಳು, ನೆರಳಿಗೆ ಬಣ್ಣವಿಲ್ಲ — ಅಸಿಟೋನ್ ಸುರಿದ, ಗಾಳಿ ಹಾಯಿಸಿದ, ಗಾಜು ಈಗ ಹುಟ್ಟಿದ ಕೂಸಿನ ಕಣ್ಣಿನಷ್ಟು ನಿರ್ಮಲ, ಕಿಟಕಿಯ ಆಚೆ ಭರಮಮ್ಮ ನಿಂತಿದ್ದಾಳೆ, ಕಾಯಕಕ್ಕೆಂದು ಸಂಡೂರು ಕಡೆಯ ಊರಿಂದ ಹೊತ್ತು ಮೂಡುವ ಮೊದಲೇ ಬಸ್ಸು ಹಿಡಿಯುವವಳು, ಈ ಕೋಣೆಯ ನೆಲ ತನ್ನ ಮನೆಯ ಅಡಿಗೆಕಟ್ಟೆಗಿಂತ ಚೊಕ್ಕ ಎಂದು ನಗುತ್ತಿದ್ದವಳು, ಈಗ ಸೀರೆಯ ಅಂಚನ್ನು ಎತ್ತಿ ಎತ್ತಿ ನೋಡಿಕೊಳ್ಳುತ್ತಿದ್ದಾಳೆ, ಕೆಂಪೇ ಇದೆ, ಯಾರಿಗಿಲ್ಲ ಇಲ್ಲಿ ಕೆಂಪು ಅಂಚು, ಆಕೆಗೂ ಅನ್ನಿಸತೊಡಗಿದೆ ತಾನೇ ತಂದೆನೇನೋ ಎಂದು, ನೋಡಬೇಡ ಅಕ್ಕಾ, ಸೀರೆ ನೋಡಬೇಡ. ಹೊರಕೋಣೆಗೆ ಬಂದ, ಅಲ್ಲಿ ಬಿಳಿ ಟ್ಯೂಬ್‌ಲೈಟು, ಅರಿಶಿನ ನೀರಿನಿಂದ ದಡಕ್ಕೆ ಎಸೆದ ಮೀನಿನಂತಾದ, ಬೆಳಕು ಕಣ್ಣು ಚುಚ್ಚಿತು, ತಲೆ ಬಗ್ಗಿಸಿ ಕುಲಾವಿ ಕಳಚಿ ಆಕೆ ಚಾಚಿದ ಚೀಲಕ್ಕೆ ಹಾಕಿದ, ಸಿದ್ದಣ್ಣ, ಪ್ರಿನ್ಸಿಪಾಲ್ರಿಗೆ ನೀವಾರ ಒಂದ್ಮಾತು ಹೇಳ್ರಿ, ನಾ ಕಾಲು ತೊಳಕೊಂಡಽ ಒಳಗ ಬರ್ತೀನಿ ಅಂತ, ನಿಮ್ಮ ಮಾತು ಕೇಳ್ತಾರ, ನಿಮಗ ಧೂಳಽ ಪರ್ಮಿಷನ್ ಕೇಳ್ತತಂತಲ್ಲ — ಅಣಕಿಸಿದಳೋ ನಂಬಿದಳೋ ತಿಳಿಯಲಿಲ್ಲ, ಹೇಳ್ತೀನಿ ಅಕ್ಕಾ ಅಂದ, ಹೇಳ್ತೀನಿ ತಗೋ, ಅಷ್ಟರಲ್ಲಿ ಒಗೆಯಲು ಕಳಿಸುವ ಮೊದಲು ಎಲ್ಲವನ್ನೂ ಒಳಹೊರಗು ಮಾಡುವ ರೂಢಿಯಂತೆ ಆಕೆಯ ಕೈ ಕುಲಾವಿಯನ್ನು ತಿರುವಿತು, ನೀಲಿ ಬಟ್ಟೆಯ ಒಳಮೈ ಮೇಲೆ ಬೆಳ್ಳಗೆ ಮೂರು ಗೆರೆ, ಹಣೆಯಿಂದ ಇಳಿದ ಅಚ್ಚು, ಬೆಳಕಿಲ್ಲದೆ, ಮಷಿನ್ ಇಲ್ಲದೆ, ಇಷ್ಟು ಚೊಕ್ಕವಾಗಿ ಅವನು ಯಾವತ್ತೂ ಯಾವ ಬಿಲ್ಲೆಗೂ ಇಳಿಸಿದ್ದಿಲ್ಲ.

ಭರಮಮ್ಮ ಗೆರೆ ನೋಡಿದಳು, ಅವನ ಹಣೆ ನೋಡಿದಳು, ಬಾಗಿಲಲ್ಲಿ ಗಂಗಾಂಬಿಕಾ ಮೇಡಂ ಯಾವಾಗ ಬಂದು ನಿಂತರೋ, ಅವರೂ ನೋಡಿದರು, ಕುಲಾವಿ ಯಾರ್ದು ಭರಮಮ್ಮ ಅಂದರು, ಆಕೆ ಅದನ್ನು ಅವನತ್ತ ಚಾಚಿದಳು, ಸಿದ್ದಲಿಂಗೇಶ್, ತಲಿ ಎತ್ರಿ, ಎತ್ತಿದ, ಈಗ ಒಂದು ಸುಳ್ಳು ಬೇಕು, ಸೋಸಿದ ಗಾಳಿಯಿಂದ ಬಿದ್ದದ್ದು ಎನ್ನಲೇ, ಇವತ್ತಿನದಲ್ಲ ನಿನ್ನೆಯದು ಎನ್ನಲೇ, ಗುಡ್ಡದಷ್ಟು ಸುಳ್ಳು ಕೂಡಿಟ್ಟ ಕಣಜದಲ್ಲಿ ಕೈಯಾಡಿಸಿದರೆ ಒಂದು ಕಾಳೂ ಸಿಗದು — ಮೇಡಂ, ಅದು ಸಂಡೂರಿನ ಧೂಳಲ್ಲ್ರಿ, ನಂದು, ನನ್ನ ಹಣಿಮ್ಯಾಗಿನ ವಿಭೂತಿ, ಒರೆಸದಽ ಒಳಗ ಹೋದೆ, ಅಚ್ಚಿನ ಮ್ಯಾಲೆ ಬಿತ್ತು, ನೋಡ್ದೆ, ಗೊತ್ತಾತು, ಗೊತ್ತಾಗಿಲ್ಲ ಅಂದೆ, ತೊಳದುಬಿಟ್ಟೆ, ಅಕ್ಕನ ಹೆಸರು ತೆಗದಾಗ ಸುಮ್ನಿದ್ದೆ. ಅಲ್ಲೋ ಯಪ್ಪಾ, ನೀ ಹಚ್ಚಿಕೊಂಡ ಬೂದಿಗೆ ನಾ ಬೈಸಿಕೊಂಡ್ನಲ್ಲೋ, ಅಂದಳು ಭರಮಮ್ಮ, ಈ ಸಲ ಅವನನ್ನು ಸಿದ್ದಣ್ಣ ಎಂದು ಕರೆಯಲಿಲ್ಲ, ಬರ್ರಿ ಪ್ರಿನ್ಸಿಪಾಲ್ರ ಹತ್ರ, ಇದನ್ನಽ ಅಲ್ಲಿ ಹೇಳ್ರಿ, ಈಗಽ, ಅಂದರು ಮೇಡಂ, ಹ್ಞೂಂ ಅಂದ, ಮೇಡಂ ಮತ್ತೇನೋ ಕೇಳುತ್ತಿದ್ದಾರೆ, ಕಣ್ಣು ಮುಚ್ಚಿದರೆ ಹಲ್ಲಿನ ಸಾಲು, ಸಂದಿಯಲ್ಲಿ ಚುಕ್ಕೆ, ಸುತ್ತ ಉಂಗುರ, ಬೇಡ, ಮುಂದಿನದು ತೆಗೆ, ಅದೇ ಹಲ್ಲು, ಚುಕ್ಕೆ, ಅಚ್ಚು ತೊಳೆದೆನಲ್ಲ, ತೊಳೆದೆ, ಮುಂದಿನದು, ಚುಕ್ಕೆ, ಅದರ ಮುಂದಿನದು, ಅಲ್ಲೇ, ಚುಕ್ಕೆ