ಮಸಿ ಹಿಡಿಸಿದ ಗಾಜು

ಎಪ್ಪತ್ತನಾಲ್ಕನೇ ಇಸವಿಯ ಪ್ರಾಯೋಗಿಕ ಪರೀಕ್ಷೆ. ಧಾರವಾಡದಿಂದ ಪರೀಕ್ಷಕರು ಬರುತ್ತಾರೆ, ಎಲ್ಲ ಲಕಲಕ ಅನ್ನಬೇಕು ಎಂದು ಬೈಲಹೊಂಗಲದ ಕಾಲೇಜಿನ ಪ್ರಿನ್ಸಿಪಾಲರು ಹುಕುಂ ಮಾಡಿದ್ದರು. ಕಸ ಗುಡಿಸುವ ಕೆಂಪವ್ವ ಹುಕುಂ ಮೀರುವವಳೇ? ಭೌತಶಾಸ್ತ್ರದ ಅಟೆಂಡರ್ ಲಗಮಪ್ಪ ಹಿಂದಿನ ದಿನವೆಲ್ಲ ಕೂತು ಮಸಿ ಹಿಡಿಸಿಟ್ಟಿದ್ದ ಆರು ಗಾಜಿನ ಪಟ್ಟಿಗಳನ್ನು ಒದ್ದೆ ಬಟ್ಟೆಯಿಂದ ತಿಕ್ಕಿ ಫಳಫಳ ಹೊಳೆಸಿಟ್ಟಿದ್ದಳು.

"ಎಷ್ಟ್ ಹೊಲಸ ಇದ್ದುವೋ ಯಪ್ಪಾ," ಎಂದಳು.

ಲಗಮಪ್ಪನಿಗೆ ಮೈಯೆಲ್ಲ ಉರಿಯಿತು. ಆ ಮಸಿಯ ಮೇಲೆಯೇ ಬಡಿದಾಗ ಕಂಪಿಸುವ ಟ್ಯೂನಿಂಗ್ ಫೋರ್ಕಿನ ತುದಿಗೆ ಅಂಟಿಸಿದ ಮುಳ್ಳು ಅಲೆ ಗೀಚಬೇಕು, ಹುಡುಗರು ಎಣಿಸಬೇಕು. ಏಳು ವರ್ಷದಿಂದ ಅವನದು ಹಂಗಾಮಿ ನೌಕರಿ. ಪರೀಕ್ಷೆ ಸುಸೂತ್ರ ನಡೆದರೆ ಕಾಯಂ ಮಾಡಿಸುತ್ತೇನೆಂದು ಪ್ರೊಫೆಸರ್ ಬೀರಪ್ಪನವರು ಮಾತು ಕೊಟ್ಟಿದ್ದರು. ಉಳಿದದ್ದು ಒಂದೇ ತಾಸು.

ಚಿಮಣಿ ದೀಪದ ಬತ್ತಿ ಎತ್ತಿ ಹೊಗೆಗೆ ಗಾಜು ಹಿಡಿದ. ಮಸಿ ಹತ್ತಿತು, ಮುಟ್ಟಿದರೆ ಉದುರಿತು. ಗಟ್ಟಿಯಾಗಲೆಂದು ರೊಟ್ಟಿ ಕಾಯಿಸಿದ ಹಾಗೆ ಸ್ಟೋವಿನ ನೀಲಿ ಉರಿಯ ಮೇಲೆ ಹಿಡಿದ. ನಟ್ಟನಡುವೆ ರೂಪಾಯಿಯಗಲ ಗಾಜು ಬೆಳ್ಳಗಾಯಿತು.

ಬೀರಪ್ಪನವರು ಬಂದು ಪಾಠ ಶುರು ಮಾಡಿದರು. "ಗಾಳಿ ಕಮ್ಮಿ ಬಿದ್ದಲ್ಲಿ ಎಣ್ಣಿ ಪೂರಾ ಸುಡಂಗಿಲ್ಲ, ಮಸಿ ಆಗತೈತಿ. ಬಿಸಿನೂ ಗಾಳಿನೂ ಸಾಕಷ್ಟ್ ಸಿಕ್ಕರ ಆ ಮಸಿನೂ ಸುಟ್ಟ ಹೋಗತೈತಿ."

"ಹೋಗಿದ್ದು ಕಣ್ಣಿಗಿ ಕಾಣಾಕತ್ತೈತ್ರಿ ಸರ. ಬರೂದ್ ಹೆಂಗಂತ ಹೇಳ್ರಿ."

"ಸ್ಟೋವ್ ಆರಸು. ಕಿಟಕಿ ಮುಚ್ಚು."

ಮುಚ್ಚಿದ. ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಆರೂ ಗಾಜು ಮುಗಿಸಿದ.

ಪರೀಕ್ಷಕರು ಒಂದು ಗಾಜನ್ನು ಬೆಳಕಿಗೆ ಹಿಡಿದು, "ಅಲೆ ಚಲೋ ಮೂಡ್ಯಾವ," ಎಂದರು. ಅದೇ ಹೊತ್ತಿಗೆ ಪ್ರಿನ್ಸಿಪಾಲರು ಒಳಗೆ ಬಂದು ಲಗಮಪ್ಪನನ್ನು ನೋಡಿದರು. ಮೂಗು, ಕುತ್ತಿಗೆ, ಬಿಳಿ ಅಂಗಿ ಎಲ್ಲ ಕರ್ರಗೆ.

"ಹೊರಗಿನವ್ರ ಮುಂದ ಇದೇನ್ ಅವತಾರ? ನಡಿ ಹೊರಗ. ಇಂಥಾವನ್ನ ಕಾಯಂ ಮಾಡ್ರಿ ಅಂತೀರಲ್ರಿ ಬೀರಪ್ಪ?"

ಬೀರಪ್ಪನವರು ಕತ್ತು ಬಗ್ಗಿಸಿ ಗಡಿಯಾರಕ್ಕೆ ಕೀಲಿ ಕೊಡುತ್ತ ನಿಂತರು. ಲಗಮಪ್ಪನಿಗೆ ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚಿತು.

ಆಮೇಲೆ ಬೀರಪ್ಪನವರೇ ಹೊರಗೆ ಬಂದರು. "ಮಧ್ಯಾಹ್ನದ ಬ್ಯಾಚಿಗೆ ಇನ್ನೂ ಆರು ಬೇಕು."

"ನನ್ನ ನೌಕರಿ ಮಾತು ಏನಾತ್ರಿ?"

"ಮುಂದಿನ ವರ್ಷ ನೋಡೂಣು."

ಲಗಮಪ್ಪ ಬತ್ತಿ ಎತ್ತಿದ. ಕೆಡಿಸಿಬಿಡಬೇಕೆಂದೇ ಗಾಜು ಹಿಡಿದ. ಕೈ ಕೇಳಲಿಲ್ಲ; ಮಸಿ ಅಂಚಿನಿಂದ ಅಂಚಿಗೆ ಒಂದೇ ಸಮನೆ ಕೂತಿತು. ಆ ಕೈಯ ಮೇಲೆ ಬಂದಷ್ಟು ಸಿಟ್ಟು ಅವನಿಗೆ ಪ್ರಿನ್ಸಿಪಾಲರ ಮೇಲೂ ಬಂದಿರಲಿಲ್ಲ.