ಲುತ್ಸಿನಾ ನಿಂತಿದ್ದ ಜಾಗ

ಮತ್ತೆ ಆ ಕಾಗದದ ಸರಸರ, ನಾಲ್ಕಾಗಿ ಮಡಿಚಿದ ಚೌಕುಳಿ ಹಾಳೆ ಝೆನೋನನ ಅಂಗಿಯ ಜೇಬಿನಿಂದ ಹೊರಗೆ ಬರುತ್ತಿದೆ, ತಿರುಗಿ ನೋಡಬೇಕಾಗಿಲ್ಲ, ಸದ್ದಿನಿಂದಲೇ ಗೊತ್ತು, ಈಗ ಪೆನ್ಸಿಲ್ ಹುಡುಕುತ್ತಾನೆ, ಪೆನ್ಸಿಲ್ ಕಿವಿಯ ಮೇಲಿದೆ, ನಾನು ಹೇಳುವುದಿಲ್ಲ, ಹುಡುಕಲಿ — ಪುರಭವನದ ಗೋಪುರ ನೋಡಿಯಾಯಿತು, ಒಂದು ಗೀಟು, ದೊಡ್ಡ ಇಗರ್ಜಿ ನೋಡಿಯಾಯಿತು, ಇನ್ನೊಂದು ಗೀಟು, ನಲವತ್ತು ವರ್ಷ ಕಾರ್ಖಾನೆಗಳ ಬಾಯ್ಲರ್ ತಪಾಸಣೆ ಮಾಡಿದ ಮನುಷ್ಯ, ತೋರುನ್ ಪಟ್ಟಣವನ್ನೂ ಹಾಗೆಯೇ ತಪಾಸಣೆ ಮಾಡುತ್ತಿದ್ದಾನೆ, ಮದುವೆಯಾಗಿ ಎಂಟು ದಿನ, ಹೆಂಡತಿ ಬೊಝೆನಾ, ಅಂದರೆ ನಾನು, ಹಿಂದೆ ಕುಂಟುತ್ತಾ ಬರುತ್ತಿದ್ದಾಳೆ, ಅದಕ್ಕೆ ಹಾಳೆಯಲ್ಲಿ ಸಾಲಿಲ್ಲ. ಎಡಗಾಲಿನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ, ತಪ್ಪು ನನ್ನದೇ, ಅರವತ್ತೊಂದರ ಹೆಂಗಸು ಹೊಸ ಶೂ ಹಾಕಿಕೊಂಡು ಈ ಕಲ್ಲುಹಾಸಿನ ಬೀದಿಗಳಿಗೆ ಬರಬಾರದು, ಆದರೆ ಮದುವೆಗೆಂದು ಕೊಂಡದ್ದು, ನೋಂದಣಿ ಕಚೇರಿಯಲ್ಲಿ ಹತ್ತು ನಿಮಿಷ ಮೆಟ್ಟಿ ಮತ್ತೆ ಪೆಟ್ಟಿಗೆಗೆ ಸೇರಿಸಲು ಮನಸ್ಸಾಗಲಿಲ್ಲ — ಬೊಝೆನ್ಕಾ, ಅಲ್ಲಿ ನಿಲ್ಲು, ಎನ್ನುತ್ತಾನೆ, ಆ ಬಾಗಿಲ ಹತ್ತಿರ, ಇನ್ನೂ ಸ್ವಲ್ಪ ಎಡಕ್ಕೆ, ಹಾಂ, ಲುತ್ಸಿನಾ ಅಲ್ಲೇ ನಿಂತಿದ್ದಳು. ಲುತ್ಸಿನಾ ಅಲ್ಲೇ ನಿಂತಿದ್ದಳು. ಅವನ ಮೊದಲ ಹೆಂಡತಿ, ತೀರಿಕೊಂಡು ಐದು ವರ್ಷ, ಇವತ್ತು ಬೆಳಿಗ್ಗೆ ರೈಲು ಇಳಿದಾಗಿನಿಂದ ನಮ್ಮಿಬ್ಬರಿಗಿಂತ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದಾಳೆ, ಅವಳ ಕಾಲಲ್ಲಿ ಬೊಬ್ಬೆ ಇಲ್ಲ. ಪುರಭವನದ ಗೋಪುರವನ್ನು ಎಲ್ಲೂ ನಿಲ್ಲದೆ ಹತ್ತಿದಳಂತೆ, ನಾನು ಮೂರು ಕಡೆ ಕೂತೆ. ಚೌಕದಲ್ಲಿ ಕಂಚಿನ ಕತ್ತೆಯೊಂದಿದೆ, ಜನ ಅದರ ಬೆನ್ನೇರಿ ಫೋಟೋ ತೆಗೆಸಿಕೊಳ್ಳುತ್ತಾರೆ, ಝೆನೋನ್ ಅದನ್ನು ಸುತ್ತು ಹಾಕಿ ನೋಡಿ, ಲುತ್ಸಿನಾ ಬಂದಾಗ ಈ ಕತ್ತೆ ಇರಲಿಲ್ಲ ಎಂದ, ಬೇಸರದಿಂದ ಎಂದ, ಇಡೀ ಊರಿನಲ್ಲಿ ನನಗೆ ಪ್ರೀತಿ ಬಂದದ್ದು ಆ ಕತ್ತೆಯ ಮೇಲೆ ಮಾತ್ರ, ಅದರ ಕಿವಿ ಸವರಿದೆ, ಬಿಸಿಲಿಗೆ ಬೆಚ್ಚಗಿತ್ತು.

ಪಿಯೆರ್ನಿಕ್ ಎಂಬ ಮಸಾಲೆ ಬಿಸ್ಕತ್ತಿನ ಅಂಗಡಿಯ ಬಾಗಿಲು ತೆರೆದಿದೆ, ಜೇನು, ಲವಂಗ, ದಾಲ್ಚಿನ್ನಿಯ ಬಿಸಿ ವಾಸನೆ ಬೀದಿಗೆ ಬಂದು ಮುಖಕ್ಕೆ ರಾಚುತ್ತದೆ, ನನಗೆ ಹೃದಯದ ಆಕಾರದ್ದು ಬೇಕಿತ್ತು, ಸಕ್ಕರೆಯ ಅಂಚಿನದು, ಮೂರ್ಖತನ, ಆದರೂ ಬೇಕಿತ್ತು, ಅವನು ಅಂಗಡಿಯವಳ ಮುಂದೆ ನಿಂತು ಸಕ್ಕರೆ ಇಲ್ಲದ್ದು, ಗಟ್ಟಿಯಾದದ್ದು ಕೊಡಿ ಎನ್ನುತ್ತಿದ್ದಾನೆ, ಅದನ್ನು ಚಹಾದಲ್ಲಿ ಅದ್ದಿದರೆ ಎಷ್ಟು ಚೆನ್ನಾಗಿರುತ್ತದೆಂದು ಅವಳಿಗೆ ವಿವರಿಸುತ್ತಿದ್ದಾನೆ, ಯಾರು ಅದ್ದುತ್ತಿದ್ದರೆಂದು ನಾನು ಕೇಳಲಿಲ್ಲ. ಹೃದಯವನ್ನು ನಾನೇ ಕೊಂಡು ಚೀಲದ ತಳಕ್ಕೆ ತುರುಕಿದೆ, ಬೀಗದಕೈ ಗೊಂಚಲಿನ ಪಕ್ಕಕ್ಕೆ, ಎಲ್ಬ್ಲೋಂಗಿನ ನನ್ನ ಹಳೆಯ ಮನೆಯ ಬೀಗದಕೈ, ಎರಡು ಕೋಣೆ, ಅಡುಗೆಮನೆ ಕಿಟಕಿಯಿಂದ ಟ್ರಾಮ್ ಹಳಿ ಕಾಣುತ್ತದೆ, ಬಾಡಿಗೆಗೆ ಕೊಡೋಣ ಎಂದು ಅವನು ಎರಡು ಸಲ ಹೇಳಿದ, ಆಮೇಲೆ ನೋಡೋಣ ಎಂದು ನಾನು ಎರಡು ಸಲ ಹೇಳಿದೆ. ಅಲ್ಲಿಗೆ ಎರಡೂವರೆಗೆ ರೈಲಿದೆ. ಅವನು ಹಾಳೆಗೆ ಗೀಟು ಹಾಕುತ್ತಿರುವಾಗ ಮೂಲೆ ತಿರುಗಿದರೆ ಸಾಕು, ಅವನಿಗೆ ಗೊತ್ತಾಗುವಷ್ಟರಲ್ಲಿ ನಾನು ನದಿಯ ಆಚೆ ಇರುತ್ತೇನೆ — ಈ ಮನುಷ್ಯನನ್ನು ಯಾಕೆ ಒಪ್ಪಿದೆ, ಮೊದಲು ಕಂಡದ್ದು ಸ್ಮಶಾನದ ನಲ್ಲಿಯ ಹತ್ತಿರ, ಸಮಾಧಿಯ ಹೂಗಳಿಗೆ ನೀರು ಒಯ್ಯುವ ನನ್ನ ಡಬ್ಬ ಸೋರುತ್ತಿತ್ತು, ಒಂದು ಮಾತೂ ಆಡದೆ ತನ್ನದನ್ನು ಕೊಟ್ಟ, ಸೋರುವುದನ್ನು ತಾನು ತೆಗೆದುಕೊಂಡು ಒದ್ದೆ ಪ್ಯಾಂಟಿನಲ್ಲಿ ತನ್ನ ಹೆಂಡತಿಯ ಸಮಾಧಿಯ ಕಡೆ ಹೋದ, ಒಂದು ಮಾತೂ ಆಡದೆ! ಅದಕ್ಕೇ ಒಪ್ಪಿದೆ. ಮೌನಿ ಎಂದುಕೊಂಡಿದ್ದೆ.

ಬೊಝೆನ್ಕಾ, ಇದು ಬಹಳ ಮುಖ್ಯ, ಎಂದ. ವಾಲುಗೋಪುರ. ಕೆಂಪು ಇಟ್ಟಿಗೆಯದು, ಬೀದಿಯ ಮೇಲಕ್ಕೆ ಬಾಗಿ ನಿಂತಿದೆ, ಅದರ ಗೋಡೆಗೆ ಬೆನ್ನು, ಹಿಮ್ಮಡಿ ಒತ್ತಿ ನಿಂತು ಎರಡೂ ಕೈ ಮುಂದಕ್ಕೆ ಚಾಚಬೇಕು, ಬೀಳದೆ ನಿಂತವರ ಮನಸ್ಸು ಶುದ್ಧ, ಇಲ್ಲಿಗೆ ಬಂದವರೆಲ್ಲ ಮಾಡುವ ಆಟ, ನಮ್ಮ ಮುಂದೆಯೇ ಒಬ್ಬ ದಪ್ಪ ಮನುಷ್ಯ ಕೈ ಚಾಚಿದ ಕ್ಷಣವೇ ಮುಗ್ಗರಿಸಿದ, ಅವನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕು, ನನಗೆ ಮೊದಲೇ ಗೊತ್ತಿತ್ತು ಕಣೋ ಎಂದಳು. ಲುತ್ಸಿನಾ ನಿಂತಿದ್ದಳು. ನಿಲ್ಲದೆ ಇರುತ್ತಾಳೆಯೇ, ಅವನು ಮೂರು ಫೋಟೋ ತೆಗೆಯುವವರೆಗೆ ನಿಂತಿದ್ದಳು, ಬಿಳಿ ಅಂಗಿ ಹಾಕಿದ್ದಳು, ನೀನೂ ನಿಲ್ಲು, ಒಂದೇ ನಿಮಿಷ. ನಾನು ಒಲ್ಲೆ ಎಂದೆ. ಬರೀ ತಮಾಷೆಗೆ, ಎಂದ. ಕಾಲು ನೋಯುತ್ತಿದೆ ಎಂದೆ. ಶೂ ಬಿಚ್ಚಿ ನಿಲ್ಲು ಎಂದ, ಶೂ ಬಿಚ್ಚಿ! ಹರಿದ ಕಾಲುಚೀಲದಲ್ಲಿ ಬೀದಿಯ ಜನರ ಮುಂದೆ ನನ್ನ ಮನಸ್ಸಿನ ಶುದ್ಧತೆ ಪರೀಕ್ಷೆಯಾಗಬೇಕು, ಪರೀಕ್ಷಕ ಬಾಯ್ಲರ್ ತಪಾಸಕ, ಪಾಸಾದವಳು ಈಗಾಗಲೇ ಸ್ವರ್ಗದಲ್ಲಿದ್ದಾಳೆ — ನೀನು ನಿಲ್ಲು ಎಂದೆ, ಅಷ್ಟು ಆಸೆಯಿದ್ದರೆ ನೀನೇ ನಿಲ್ಲು, ಸ್ವಲ್ಪ ಗಟ್ಟಿಯಾಗಿಯೇ ಎಂದಿರಬೇಕು, ದಪ್ಪ ಮನುಷ್ಯನ ಹೆಂಡತಿ ತಿರುಗಿ ನೋಡಿದಳು. ಅವನು ಹೋಗಿ ನಿಂತ. ಬೆನ್ನ ಮೇಲಿನ ಚೀಲವನ್ನೂ ತೆಗೆಯದೆ ನಿಂತ, ಒಳಗೆ ಚಹಾದ ಫ್ಲಾಸ್ಕ್, ಬೇಯಿಸಿದ ಮೊಟ್ಟೆ, ಗೋಡೆ ಮೊದಲೇ ಮುಂದಕ್ಕೆ ತಳ್ಳುತ್ತದೆ, ಚೀಲವೂ ತಳ್ಳುತ್ತದೆ ಎಂದು ಹೇಳಲು ಬಾಯಿ ತೆರೆದೆ, ಹೇಳಲಿಲ್ಲ, ಅರವತ್ತಾರರ ಮನುಷ್ಯ ಕೈ ಚಾಚಿ ನನ್ನನ್ನೇ ನೋಡಿ ನಕ್ಕ, ನಗುನಗುತ್ತಲೇ ಉದ್ದಕ್ಕೆ ಬಿದ್ದ, ಅಂಗೈ ಕಲ್ಲಿಗೆ ಬಡಿದ ಸದ್ದು, ನಾನು ರೋಮೆಕ್ ಎಂದು ಕೂಗಿದೆ.

ರೋಮೆಕ್. ಝೆನೋನ್ ಅಲ್ಲ. ಜನ ಓಡಿಬಂದು ಅವನನ್ನು ಎಬ್ಬಿಸಿದರು, ರೋಮೆಕ್ ಅವರೇ, ನೋವಾಯಿತೇ ಎಂದು ಆ ಹೆಂಗಸು ಕೇಳಿದಳು, ಪಾಪ, ಹೆಂಡತಿ ಕೂಗಿದ ಹೆಸರು ತಾನೇ, ಏನೂ ಆಗಿಲ್ಲ ತಾಯೀ ಎಂದ ಅವನು, ತಿದ್ದಲಿಲ್ಲ. ನನ್ನ ಮೊದಲ ಗಂಡನ ಹೆಸರು ಅವನು ತೀರಿಕೊಂಡ ಈ ಹನ್ನೊಂದು ವರ್ಷದಲ್ಲಿ ನನ್ನ ಬಾಯಿಂದ ಹೀಗೆ ಬಂದದ್ದಿಲ್ಲ, ಬರಬೇಕಾದದ್ದು ಇವತ್ತೇ, ಈ ಬೀದಿಯಲ್ಲೇ. ನದಿಯವರೆಗೆ ಇಬ್ಬರೂ ಮಾತಾಡಲಿಲ್ಲ, ಕಾಗದದ ಸದ್ದೂ ಇಲ್ಲ, ಈಗ ನೋಡು, ಮೌನಿ ಬೇಕು ಎಂದೆಯಲ್ಲ, ತಗೋ, ಸಿಕ್ಕಿತು — ಏನಾದರೂ ಹೇಳಬಾರದೇ, ಬೈಯಬಾರದೇ, ಪ್ರಾಣ ತಿನ್ನುತ್ತಾನೆ, ಮಾತಾಡಿದರೂ ತಿನ್ನುತ್ತಾನೆ, ಆಡದಿದ್ದರೂ ತಿನ್ನುತ್ತಾನೆ. ದಂಡೆಯ ಮೆಟ್ಟಿಲ ಮೇಲೆ ಕೂತೆವು, ವಿಸ್ತುಲಾ ಕಂದು ಬಣ್ಣಕ್ಕೆ ತಿರುಗಿ ಅಗಲವಾಗಿ ಹರಿಯುತ್ತಿತ್ತು, ಅವನ ಬಲಗೈಯನ್ನು ಎಳೆದು ನನ್ನ ಮಡಿಲಲ್ಲಿಟ್ಟುಕೊಂಡು ಬಾಟಲಿ ನೀರು ಸುರಿದೆ, ಇಟ್ಟಿಗೆ ಪುಡಿ, ಸಣ್ಣ ಸಣ್ಣ ಕಲ್ಲು, ಅವನ್ನು ಸೇಫ್ಟಿಪಿನ್ನಿನಿಂದ ಒಂದೊಂದಾಗಿ ಎತ್ತಿದೆ, ಅವನು ಮಿಸುಕಲಿಲ್ಲ, ನದಿಯನ್ನು ನೋಡುತ್ತಲೇ ಹೇಳಿದ: ಅವನ ಹೆಸರು ಸಮಾಧಿ ಕಲ್ಲಿನ ಮೇಲೆ ಓದಿದ್ದೀನಿ, ಅಷ್ಟೇ ನಂಗೆ ಗೊತ್ತಿರೋದು. ನಾನು ಇನ್ನೊಂದು ಕಲ್ಲು ಎತ್ತಿದೆ. ಅವನು ಹೇಳಿದ, ನಾನು ಲುತ್ಸಿನಾ ಲುತ್ಸಿನಾ ಅಂತ ಬಡ್ಕೋತೀನಿ, ನಿಂಗೆ ರೇಗತ್ತೆ, ಕಾಣ್ಸತ್ತೆ ನಂಗೆ, ಆದ್ರೆ ಮನೇಲಿ ನಾವಿಬ್ರಿದ್ದೀವಿ, ಸತ್ತವರಲ್ಲಿ ಮಾತ್ರ ಲುತ್ಸಿನಾ ಒಬ್ಬಳೇ ಓಡಾಡ್ತಾಳೆ, ನಿನ್ನೋನು ಹೊರಗಡೆನೇ ನಿಂತಿರ್ತಾನೆ, ನಂಗೆ ಅದು ಒಂಥರಾ ಅನ್ಸತ್ತೆ. ನಿಂತಿಲ್ಲ, ಎಂದೆ. ಏನು? ಎಂದ. ಅವನು ನಿಂತಿಲ್ಲ ಝೆನೋನ್, ಕೂತಿದ್ದಾನೆ.

ಸೇತುವೆಯ ಮೇಲೆ ರೈಲು ಹೋಗುತ್ತಿದೆ, ಎರಡೂವರೆಯದೇ ಇರಬೇಕು, ಹೋಗಲಿ. ಎಲ್ಲಿ ಕೂತಿದ್ದಾನೆ, ಎಂದು ಅವನು ಕೇಳಿದ, ನಾನು ಟ್ರಾಮ್ ಸ್ಟಾಪಿನಲ್ಲಿ ಎಂದೆ, ಮಾರುಕಟ್ಟೆ ಸ್ಟಾಪಿನ ಬೆಂಚಿನ ಮೇಲೆ, ಅಕ್ಟೋಬರ್, ನಾನು ಎರಡನೇ ನಂಬರಿನ ಟ್ರಾಮ್ ಓಡಿಸುತ್ತಿದ್ದೆ, ಮೊದಲ ಸುತ್ತಿನಲ್ಲಿ ಕೈ ಎತ್ತಿದ, ನಾನೂ ತಲೆ ಆಡಿಸಿದೆ, ಪ್ಲಮ್ ಹಣ್ಣು ತರಲು ಹೋಗಿದ್ದ. ಇಷ್ಟು ಹೇಳಿದೆ, ಜೋರಾಗಿ, ಯಾರಿಗೂ ಹೇಳದ್ದನ್ನು. ಮುಂದಿನದು ಬಾಯಿಗೆ ಬರುತ್ತಿಲ್ಲ, ಐವತ್ತು ನಿಮಿಷದ ಮೇಲೆ ಎರಡನೇ ಸುತ್ತು, ಇನ್ನೂ ಅಲ್ಲೇ ಕೂತಿದ್ದಾನೆ, ನನಗೆ ಮೈಯೆಲ್ಲ ಉರಿಯಿತು, ಮನೆಯಲ್ಲಿ ಒಲೆಯ ಮೇಲೆ ಸೂಪ್ ಇದೆ, ಹೋಗಿ ಬಿಸಿ ಮಾಡು ಎಂದಿದ್ದೆ, ಇಲ್ಲಿ ಬಿಸಿಲು ಕಾಯಿಸುತ್ತಿದ್ದಾನೆ ಸೋಮಾರಿ, ಆಗಲೇ ಎರಡು ನಿಮಿಷ ತಡ, ಗಂಟೆ ಬಾರಿಸಿದೆ, ತಿರುಗಲಿಲ್ಲ, ಇನ್ನೊಮ್ಮೆ ಬಾರಿಸಿದೆ, ಸಿಟ್ಟಿನಿಂದ ಬಾರಿಸಿದೆ, ಬಾಗಿಲು ಮುಚ್ಚಿದೆ, ಹೊರಟೆ — ಝೆನೋನನ ಕೈ ಇನ್ನೂ ನನ್ನ ಮಡಿಲಲ್ಲಿದೆ, ಅವನು ಕಾಯುತ್ತಿದ್ದಾನೆ, ಹೇಳು ಎನ್ನುತ್ತಿಲ್ಲ, ಹೇಳಬೇಕು, ಹೇಳುತ್ತೇನೆ, ಮೂರನೇ ಸುತ್ತಿನಲ್ಲಿ ಜನ ಸೇರಿದ್ದರು, ಉಸಿರು ನಿಂತು ಬಹಳ ಹೊತ್ತಾಗಿದೆ ಎಂದರು, ಅಲ್ಲ, ಅದಲ್ಲ, ಎರಡನೇ ಸುತ್ತು, ನನ್ನ ಗಾಜಿನ ಆಚೆ, ಅಷ್ಟು ಹತ್ತಿರ, ಟೋಪಿ ಸ್ವಲ್ಪ ವಾಲಿದೆ, ಮಡಿಲಲ್ಲಿ ಕಾಗದದ ಚೀಲ, ತಳ ಒದ್ದೆಯಾಗಿ ನೇರಳೆ ಬಣ್ಣ ಇಳಿದಿದೆ, ಎರಡೂ ಕೈ ಅದನ್ನು ಹಿಡಿದುಕೊಂಡಿವೆ, ಹಣ್ಣು ಒಂದೂ ಚೆಲ್ಲಬಾರದೆಂಬಂತೆ, ಎರಡೂ ಕೈ —